ಸುರಂಗದ ಮುಂದೆ ತಡವರಿಸಿದ ಸೀಟಿ

"ಅದನ್ನು ರಿಮೋಟ್ ಅಂತ ಹೇಳ್ಬೇಡಿ ಮೇಡಂ," ಎಂದಳು ಆಫ್ರಾ. "ರಿಮೋಟ್ ಇರುವುದು ಟಿವಿಗೆ. ಇದು ತ್ರಾಟಲ್."

ಕಳ್ಳತನದ ಆಪಾದನೆ ಕುತ್ತಿಗೆಗೆ ಬಂದಿರುವಾಗಲೂ ಹುಡುಗಿಗೆ ಆ ತಪ್ಪು ಹೆಸರನ್ನು ಸಹಿಸಲಾಗಲಿಲ್ಲ. ಮೂಕಾಂಬಿಕಾಳಿಗೆ ಅದು ಇಷ್ಟವಾಯಿತು. ರೈಲ್ವೆ ಪೊಲೀಸಿನಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಬೆಳ್ತಂಗಡಿಯಲ್ಲಿ ಖಾಸಗಿ ಪತ್ತೇದಾರಿಕೆ ನಡೆಸುವ ಅವಳು ಕಳ್ಳರನ್ನು ಬೇಕಾದಷ್ಟು ಕಂಡಿದ್ದಳು. ಕೈಯ ಸಾಮಾನಿನ ಹೆಸರಿಗಾಗಿ ಅವಳನ್ನು ತಿದ್ದಿದ ಕಳ್ಳ ಒಬ್ಬನೂ ಇರಲಿಲ್ಲ.

ಮಾದರಿ ರೈಲು ಓಡಿಸುವ ಆ ತ್ರಾಟಲ್ ಅಂಗೈ ತುಂಬುವಷ್ಟಿತ್ತು. ತುದಿಯಲ್ಲಿ ಮೋಟು ಆಂಟೆನಾ, ಮೇಲೆ ಸಣ್ಣ ಪರದೆ, ನಡುವೆ ತಿರುಗಿಸುವ ಗುಂಡಿ, ಕೆಳಗೆ ಸೀಟಿಗೊಂದು, ದೀಪಕ್ಕೊಂದು ಬಟನ್. ತಂತಿಯ ಸುಳಿವಿಲ್ಲ. ಅದನ್ನು ಹಿಡಿದು ಸಭಾಂಗಣದ ಯಾವ ಮೂಲೆಯಲ್ಲಿ ನಿಂತರೂ ರೈಲು ಮಾತು ಕೇಳುತ್ತದೆ, ಹೊರಗೆ ಅಂಗಳಕ್ಕಿಳಿದರೆ ಕೇಳುವುದಿಲ್ಲ ಎಂದು ಆಫ್ರಾ ವಿವರಿಸಿದ್ದಳು.

ಭಾನುವಾರದ ಉದ್ಘಾಟನೆಯಲ್ಲಿ ಇದೇ ರೈಲು ಹೊತ್ತು ತರುತ್ತಿದ್ದ ಕೆಂಪುಹರಳಿನ ಉಂಗುರ, ತುಂಬಿದ ಸಭೆಯ ಕಣ್ಣೆದುರೇ ಸುರಂಗ ಹೊಕ್ಕು ಹೊರಬರುವಷ್ಟರಲ್ಲಿ ಮಾಯವಾಗಿತ್ತು. ರೈಲು ಸುರಂಗದೊಳಗೆ ಒಂದು ಗಳಿಗೆ ನಿಂತದ್ದನ್ನು ಎಲ್ಲರೂ ಗಮನಿಸಿದ್ದರು, ತ್ರಾಟಲ್ ಇದ್ದದ್ದು ಆಫ್ರಾಳ ಕೈಯಲ್ಲಿ.

ಮೂಡುಬಿದಿರೆಯ ಆ ಸಭಾಂಗಣದ ಉದ್ದಕ್ಕೂ, ಸೊಂಟದೆತ್ತರದ ಹಲಗೆಗಳ ಮೇಲೆ, ಮೂರು ತಾಲೂಕುಗಳೇ ಮೈಚಾಚಿ ಮಲಗಿದ್ದವು. ಪಾಣೆಮಂಗಳೂರಿನ ಪೇಟೆ, ನೇತ್ರಾವತಿಯ ಮೇಲೆ ಸೇತುವೆ, ಬಂಟ್ವಾಳ, ಸಿದ್ಧಕಟ್ಟೆಯ ಗುಡ್ಡ, ಗುಡ್ಡದೊಳಗೆ ಸುರಂಗ, ಆಚೆ ಮೂಡುಬಿದಿರೆ, ಶಿರ್ತಾಡಿ, ಕೊನೆಯಲ್ಲಿ ಬೆಳ್ತಂಗಡಿ. ಬಂಟ್ವಾಳದವರಿಗೆ ನಿಜವಾದ ರೈಲು ಉಂಟು. ಮೂಡುಬಿದಿರೆ, ಬೆಳ್ತಂಗಡಿಯವರು ರೈಲು ಹತ್ತಬೇಕಾದರೆ ಇವತ್ತಿಗೂ ಮೊದಲು ಬಸ್ಸು ಹಿಡಿಯಬೇಕು. ಆ ಊರುಗಳಿಗೆ ಇಬ್ಬರು ಗೆಳೆಯರು ಸೇರಿ ರೈಲು ತಂದಿದ್ದರು. ಒಬ್ಬರು ದುಬೈಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಾಗಿದ್ದು ಪಾಣೆಮಂಗಳೂರಿಗೆ ಮರಳಿದ ಅಬ್ದುಲ್ ಸಮದ್, ಆಫ್ರಾಳ ತಂದೆ. ಇನ್ನೊಬ್ಬರು ಶಿರ್ತಾಡಿಯ ತಿರುಮಲೇಶ್ವರ ಭಟ್ಟರು, ನಿವೃತ್ತ ವಿಜ್ಞಾನ ಮೇಷ್ಟ್ರು.

ಹಲಗೆಯ ಕೊನೆಯಲ್ಲಿ ಹಳದಿ ಫಲಕದ ಮೇಲೆ ಕಪ್ಪಕ್ಷರದಲ್ಲಿ 'ಬೆಳ್ತಂಗಡಿ' ಎಂದಿತ್ತು. ಕೆಲಸದಲ್ಲಿದ್ದಷ್ಟು ಕಾಲ ಜೊತೆಯವರು ನಿನ್ನ ಊರಿನ ಸ್ಟೇಷನ್ ಯಾವುದೆಂದು ಕೇಳಿದಾಗಲೆಲ್ಲ ಮೂಕಾಂಬಿಕಾ ಬೇರೆ ಊರಿನ ಹೆಸರು ಹೇಳಬೇಕಾಗಿತ್ತು. ಹೆಬ್ಬೆರಳುದ್ದದ ಆ ಫಲಕ ನೋಡಿದಾಗ ಅವಳಿಗೆ ಎದೆ ಉಬ್ಬಿತು. ಅದನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಗುಡ್ಡದ ಪಕ್ಕದಲ್ಲಿ ಬಡಗಿ ಕೂಸಪ್ಪ ಗರಗಸವನ್ನು ಕಾಲಬುಡದಲ್ಲಿಟ್ಟುಕೊಂಡು ಕಾಯುತ್ತಿದ್ದ. ಉಂಗುರ ಗುಡ್ಡದ ಸಂದಿಯಲ್ಲೆಲ್ಲೋ ಬಿದ್ದಿರಬಹುದು, ಸಂಜೆಗೆ ಗುಡ್ಡ ಕೊಯ್ದು ನೋಡುವುದು ಎಂದು ಸಭಾಂಗಣದ ಟ್ರಸ್ಟ್ ತೀರ್ಮಾನಿಸಿತ್ತು. ಗುಡ್ಡ ಕೊಯ್ದರೆ ಹಳಿ ಹೋಯಿತು, ವರ್ಷಗಟ್ಟಲೆಯ ಕೆಲಸ ಮಣ್ಣಾಯಿತು.

"ಓಡಿಸಿ," ಎಂದಳು ಆಫ್ರಾ.

ಮೂಕಾಂಬಿಕಾ ಗುಂಡಿ ತಿರುಗಿಸಿದಳು. ಪಾಣೆಮಂಗಳೂರಿನಿಂದ ನೀಲಿ ಎಂಜಿನ್ ಮೆಲ್ಲಗೆ ಹೊರಟು ಸೇತುವೆ ಹತ್ತಿತು. ಸಣ್ಣ ಮಗುವಿನ ಉಸಿರಿನಷ್ಟೇ ಸದ್ದು. ಬಂಟ್ವಾಳ ದಾಟುವಾಗ ಸಮದ್ ತಮ್ಮ ಕೈಯ ಇನ್ನೊಂದು ತ್ರಾಟಲ್‌ನಲ್ಲಿ ಏನೋ ಒತ್ತಿದರು. ಅಷ್ಟೇ, ಎಂಜಿನ್ ಗಕ್ಕನೆ ನಿಂತಿತು. ಮೂಕಾಂಬಿಕಾ ಗುಂಡಿಯನ್ನು ಎಷ್ಟು ತಿರುಗಿಸಿದರೂ ಕದಲಲಿಲ್ಲ. ಅವಳ ಪರದೆಯ ಮೇಲೆ ಅಕ್ಷರ ಮೂಡಿತು: ಈ ಎಂಜಿನ್ ಬೇರೆಯವರ ಕೈಯಲ್ಲಿದೆ, ಮರಳಿ ಪಡೆಯಬೇಕೇ?

ರೈಲು ಕೊನೆಗೆ ಕೈಹಾಕಿದವರ ಮಾತು ಕೇಳುತ್ತದೆ ಎಂದರು ಸಮದ್. ಮೊದಲಿನವರ ಕೈಯಲ್ಲಿ ತ್ರಾಟಲ್ ಇರುತ್ತದೆ, ರೈಲು ಇರುವುದಿಲ್ಲ. ಭಾನುವಾರ ತಮ್ಮ ಮಗಳಿಗೆ ಆದದ್ದೂ ಇದೇ ಇರಬೇಕು ಎಂಬುದು ಅವರ ನಂಬಿಕೆ. ಮಗಳ ಕೈಯಷ್ಟು ಹದವಾಗಿ ರೈಲು ನಿಲ್ಲಿಸುವ ಕೈ ತಾವು ದುಬೈಯಲ್ಲೂ ಕಂಡಿಲ್ಲವೆಂದು ಅವರು ಸೇರಿಸಿದಾಗ ಆಫ್ರಾ ಬೇರೆ ಕಡೆ ನೋಡಿದಳು. ಬೆಳಿಗ್ಗೆಯಿಂದ ಅವಳು ಕೇಳಿದ್ದಕ್ಕೆಲ್ಲ ಉತ್ತರಿಸಿದ್ದಳು, ಭಾನುವಾರ ಏನಾಯಿತೆಂಬುದೊಂದನ್ನು ಬಿಟ್ಟು. ಅದಕ್ಕೆ ಅವಳದು ಒಂದೇ ಮಾತು: ನಾನು ಕದ್ದಿಲ್ಲ.

ರಾಮಪ್ರಸಾದರು ಇದನ್ನೆಲ್ಲ ದೂರ ನಿಂತು ನೋಡುತ್ತಿದ್ದರು. ಅವರು ಟ್ರಸ್ಟಿನ ಅಧ್ಯಕ್ಷರು, ಅಳದಂಗಡಿ ಕಡೆಯ ಹಳೆಯ ಮನೆಯವರು. ಉಂಗುರ ಅವರ ಅಜ್ಜಿಯದು. ಸಭಾಂಗಣದ ವಸ್ತುಸಂಗ್ರಹಕ್ಕೆ ಅದನ್ನು ಕೊಡುವವರಿದ್ದರು. ರೈಲಿನಲ್ಲೇ ಮೂಡುಬಿದಿರೆಗೆ ಬರಲಿ ಎಂಬುದು ಅವರದೇ ಆಸೆ. ವೇದಿಕೆಯ ಮೇಲೆ ಎಲ್ಲರಿಗೂ ತೋರಿಸಿ ಸಮದರ ಕೈಗೆ ಕೊಟ್ಟಿದ್ದರು. ಸಮದ್ ಅದನ್ನು ಗಾಜಿನ ಪುಟ್ಟ ಪೆಟ್ಟಿಗೆಯಲ್ಲಿ ಹಾಕಿ, ಬೋಗಿಯ ಮೇಲಿಟ್ಟು, ತಂತಿಗಳನ್ನು ನೋಡಿಕೊಳ್ಳಲು ಗುಡ್ಡದ ಬೆನ್ನಿಗೆ ಕಟ್ಟಿದ ಬಟ್ಟೆಯ ಪರದೆಯ ಹಿಂದಕ್ಕೆ ಹೋಗಿದ್ದರು. ಸುರಂಗಕ್ಕೆ ಕೈ ಹಾಕಲು ಇರುವ ಪುಟ್ಟ ಬಾಗಿಲು ಆ ಪರದೆಯ ಹಿಂದೆಯೇ ಉಂಟು. ಮಗಳು ನಿಲ್ಲಿಸಿದಳು, ತಂದೆ ತೆಗೆದರು ಎಂದು ಊರು ಆಡಿಕೊಳ್ಳಲು ಇನ್ನೇನು ಬೇಕು?

"ಬೇರೆ ಕೈ ಇತ್ತು ಅಂತ ನೀವು ಹೇಳ್ತೀರಿ," ಎಂದರು ರಾಮಪ್ರಸಾದರು. "ಯಾರ ಕೈ ಅಂತ ಹೇಳಿ. ಸಂಜೆಯವರೆಗೆ ಕಾಯ್ತೇನೆ."

ಸುರಂಗವನ್ನು ಪೊಲೀಸರು ಟಾರ್ಚು ಬಿಟ್ಟು ಹುಡುಕಿದ್ದರು. ಬೆಳಿಗ್ಗೆ ಮೂಕಾಂಬಿಕಾಳೂ ಹಿಂದಿನ ಬಾಗಿಲಿನಿಂದ ತೋಳುದ್ದ ಕೈ ಹಾಕಿ, ಹಳಿಯ ಎರಡೂ ಬದಿ ತಡವಿ ನೋಡಿದ್ದಳು. ಧೂಳೂ ಇರಲಿಲ್ಲ.

*

ಭಾನುವಾರ ಸಭೆಯಲ್ಲಿದ್ದವರೆಲ್ಲ ಫೋನ್ ಎತ್ತಿ ರೈಲಿನ ವಿಡಿಯೋ ಮಾಡಿದ್ದರು. ಮೂಕಾಂಬಿಕಾ ಅಂಥ ಹತ್ತಾರು ನೋಡಿ ಬೇಸತ್ತಿದ್ದಳು. ಎಲ್ಲದರಲ್ಲೂ ರೈಲು ಸುರಂಗಕ್ಕೆ ಹೋಗುತ್ತದೆ, ತಡವಾಗಿ ಬರುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಗಾಜಿನ ಪೆಟ್ಟಿಗೆ ದೂರಕ್ಕೆ ಬರೀ ಒಂದು ಹೊಳಪು.

ಅವಳಿಗೆ ಬೇಕಾದದ್ದು ಪಾಣೆಮಂಗಳೂರಿನ ಮನೆಯಲ್ಲಿ ಸಿಕ್ಕಿತು. ಆಫ್ರಾಳ ತಾಯಿ ಝೈನಬ್ ನಿಂಬೆ ಶರಬತ್ತು ತಂದಿಟ್ಟು, ತಮ್ಮ ಬಳಿಯೂ ಒಂದು ವಿಡಿಯೋ ಉಂಟು, ಆದರೆ ಅದರಲ್ಲಿ ರೈಲೇ ಇಲ್ಲ, ಪ್ರಯೋಜನಕ್ಕೆ ಬಾರದು ಎಂದರು.

"ರೈಲು ಇಲ್ಲದಿದ್ದರೆ ಮತ್ತೆ ಎಂತ ಉಂಟು ಝೈನಬಕ್ಕ?"

ಝೈನಬ್ ಸಂಕೋಚದಿಂದ ನಕ್ಕರು. "ಮಗಳು ಉಂಟು. ಅಷ್ಟು ಜನರ ಎದುರು ಅವಳು ರೈಲು ಬಿಡುವಾಗ ನಾನು ರೈಲು ಯಾಕೆ ನೋಡ್ಲಿ?"

"ಉಮ್ಮ, ಅದು ಬೇಡ," ಎಂದಳು ಆಫ್ರಾ. ತಾಯಿ ಅಷ್ಟರಲ್ಲಿ ಫೋನ್ ಕೊಟ್ಟಾಗಿತ್ತು.

ವಿಡಿಯೋ ತುಂಬ ಆಫ್ರಾ. ತಿಳಿಹಸಿರು ಸ್ಕಾರ್ಫು, ನೆಟ್ಟಗೆ ನಿಂತ ನಿಲುವು, ಎದೆಯ ಮುಂದೆ ಎರಡು ಕೈಗಳ ನಡುವೆ ತ್ರಾಟಲ್. ತಾಯಿಯ ಕೈ ಒಮ್ಮೆಯೂ ಅಲುಗಿರಲಿಲ್ಲ. ರೈಲು ಎಲ್ಲಿದೆ ಎಂದು ತಿಳಿಯಲು ಮಗಳ ಕಣ್ಣು ಹೋಗುವ ದಿಕ್ಕು ನೋಡಬೇಕು, ವೇದಿಕೆಯಿಂದ ಘೋಷಕ ಕೂಗುವ ಸ್ಟೇಷನ್ನಿನ ಹೆಸರು ಕೇಳಬೇಕು.

ಘೋಷಕ ಪಾಣೆಮಂಗಳೂರು ಎಂದ. ಆಫ್ರಾ ಗುಂಡಿ ತಿರುಗಿಸಿದಳು, ಮುಖದಲ್ಲಿ ನಗು. ಸೇತುವೆ ಎಂದ. ಆ ನಗು ಅಲ್ಲೇ ಆರಿತು. ಒಂದು ಕ್ಷಣ ಅವಳು ಉಸಿರು ಹಿಡಿದಂತಿತ್ತು. ಬಂಟ್ವಾಳ ದಾಟಿತು. ಆಮೇಲೆ ಸುರಂಗದ ಮುಂದೆ ಎಂಜಿನ್ ಸೀಟಿ ಹಾಕಿತು.

ಮೂಕಾಂಬಿಕಾ ಅಷ್ಟನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಸೀಟಿ ಕೇಳುವಾಗ ಆಫ್ರಾಳ ಹೆಬ್ಬೆರಳು ಬಟನ್ನಿನ ಮೇಲಿರಲಿಲ್ಲ. ಎರಡೂ ಹೆಬ್ಬೆರಳು ಆಂಟೆನಾದ ಬುಡದಲ್ಲಿ ಸುಮ್ಮನೆ ನಿಂತಿದ್ದವು. ಸೀಟಿ ಹಾಕಿದ್ದು ಬೇರೆ ಕೈ.

ಆ ಸೀಟಿಯೂ ವಿಚಿತ್ರವಾಗಿತ್ತು. ಸುರಂಗ ಹೊಗುವ ಮೊದಲು ಡ್ರೈವರು ಉದ್ದನೆಯ ಒಂದೇ ಸೀಟಿ ಹಾಕಬೇಕು, ರೈಲಿನಲ್ಲಿ ಕೆಲಸ ಮಾಡಿದ ಮೂಕಾಂಬಿಕಾಳ ಕಿವಿಗೆ ಅದು ಗೊತ್ತು. ಇಲ್ಲಿ ಹಾಕಿದವರಿಗೂ ಆ ನಿಯಮ ಗೊತ್ತಿತ್ತು. ಜಾಗ ಸರಿ, ಹೊತ್ತು ಸರಿ. ಆದರೆ ಸೀಟಿ ಒಂದಾಗಿ ಬಂದಿರಲಿಲ್ಲ. ತುಂಡು ತುಂಡಾಗಿ, ಮಾತು ತಡವರಿಸಿದ ಹಾಗೆ ಬಂದಿತ್ತು. ಬಟನ್ ಒತ್ತಿ ಹಿಡಿಯಲು ಹೋದ ಹೆಬ್ಬೆರಳು ನಿಲ್ಲದೆ ನಡುಗಿದ ಹಾಗೆ.

ಅವಳು ಫೋನ್ ಮರಳಿಸಿ ಎದ್ದಳು. "ಶಿರ್ತಾಡಿಗೆ, ಮೇಷ್ಟ್ರ ಮನೆಗೆ ಹೋಗುವ," ಎಂದಳು.

ಆಫ್ರಾ ಕದಲಲಿಲ್ಲ. ಅಲ್ಲಿಗೆ ಹೋಗುವುದು ಬೇಡ, ಬೇಕಾದರೆ ತಪ್ಪೆಲ್ಲ ತನ್ನದೇ ಎಂದು ಪೊಲೀಸರ ಬಳಿ ಬರೆದುಕೊಡುತ್ತೇನೆ ಎಂದಳು. ಹೇಳುವಾಗ ಅವಳ ದನಿ ಬೇಡುವಂತಿರಲಿಲ್ಲ, ಗದ್ದ ಮೇಲಕ್ಕೇ ಇತ್ತು. ಕಾರು ಬಂಟ್ವಾಳ ದಾಟಿ ಸಿದ್ಧಕಟ್ಟೆಯ ದಾರಿ ಹಿಡಿದ ಮೇಲೂ, ಮೂಡುಬಿದಿರೆಯ ಪೇಟೆ ಹಿಂದೆ ಬಿದ್ದ ಮೇಲೂ ಪಕ್ಕದಲ್ಲಿ ಕುಳಿತಿದ್ದ ಅವಳ ಗದ್ದ ಇಳಿಯಲಿಲ್ಲ.

*

ತಿರುಮಲೇಶ್ವರ ಭಟ್ಟರ ಮನೆ ಶಿರ್ತಾಡಿಯ ಬಸ್‌ಸ್ಟ್ಯಾಂಡಿನಿಂದ ತುಸು ದೂರ, ರಸ್ತೆಗೆ ಬೆನ್ನು ಹಾಕಿದ ತಾರಸಿ ಮನೆ. ಮುಂದಿನ ಕೋಣೆಯೇ ಕಾರ್ಖಾನೆ. ಬಿಚ್ಚಿಟ್ಟ ಎಂಜಿನ್ನುಗಳು, ಬೆಸುಗೆ ಕಡ್ಡಿ, ಬೆರಳುಗುರಿನಷ್ಟು ದೊಡ್ಡ ಬೋಗಿಯ ಬಾಗಿಲುಗಳು. ಮೂರು ತಾಲೂಕಿನ ಒಂದೊಂದು ಮನೆಯೂ ಈ ಮೇಜಿನ ಮೇಲೆ ಹುಟ್ಟಿತ್ತು.

ಭಟ್ಟರು ಆಫ್ರಾಳನ್ನು ನೋಡಿ ಎದ್ದು ನಿಂತರು. ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡರು.

ಮೂಕಾಂಬಿಕಾ ಕುಳಿತುಕೊಂಡು, ಭಾನುವಾರದ ಸೀಟಿ ಬಹಳ ಸರಿಯಾದ ಜಾಗದಲ್ಲಿ ಬಂತು ಎಂದಳು. ರೈಲನ್ನು ಪ್ರೀತಿಸುವವರು ಮಾತ್ರ ಅಲ್ಲಿ ಸೀಟಿ ಹಾಕುತ್ತಾರೆ, ಕದಿಯಲು ಬಂದವರು ಹಾಕುವುದಿಲ್ಲ ಎಂದಳು. ಭಟ್ಟರು ಕಿಟಕಿಯ ಕಡೆ ನೋಡಿದರು.

"ಮೇಷ್ಟ್ರೇ, ಕೈ ತೋರಿಸಿ."

"ಯಾಕೆ?"

"ಆ ಸೀಟಿ ನಡುಗಿತ್ತು."

ಭಟ್ಟರು ಶಾಲು ಸರಿಸಿ ಕೈ ಮೇಜಿನ ಮೇಲಿಟ್ಟರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ಮೇಜಿನ ಹಲಗೆಯನ್ನು ಬಡಿಯುತ್ತಿದ್ದವು. ಅವರು ಅದನ್ನು ತಡೆಯಲು ಎಡಗೈ ತರಲಿಲ್ಲ. ನೋಡುವುದಾದರೆ ನೋಡಿ ಎನ್ನುವ ಹಾಗೆ ಬಿಟ್ಟರು.

ಮೇಜಿನ ಖಾನೆಯಿಂದ ಅವರೇ ಹಳೆಯದೊಂದು ತ್ರಾಟಲ್ ತೆಗೆದರು. ಕೆಟ್ಟುಹೋಯಿತೆಂದು ಸಮದ್ ಬದಿಗಿಟ್ಟದ್ದು, ಭಟ್ಟರು ರಿಪೇರಿ ಮಾಡಿದ್ದು. ಅದರ ಕಥೆಯನ್ನು ಅವರು ಪಾಠ ಹೇಳುವ ದನಿಯಲ್ಲೇ ಹೇಳಿದರು. ಉದ್ಘಾಟನೆಯ ಹಿಂದಿನ ದಿನ ತಾಲೀಮಿನಲ್ಲಿ ಅವರ ಕೈ ನಡುಗಿ ರೈಲು ಬಂಟ್ವಾಳದಲ್ಲಿ ಹಳಿ ತಪ್ಪಿತ್ತು. ರಾಮಪ್ರಸಾದರು ಎಲ್ಲರ ಎದುರೇ, ಮೇಷ್ಟ್ರು ಮುಂದಿನ ಸಾಲಿನಲ್ಲಿ ಕುಳಿತು ನೋಡಲಿ, ಓಡಿಸುವುದು ಬೇಡ ಎಂದಿದ್ದರು. ತಾವು ಕೆತ್ತಿದ ಸೇತುವೆ, ತಾವು ಕೊರೆದ ಸುರಂಗ, ಅದರಲ್ಲಿ ತಾವು ಒಮ್ಮೆಯೂ ರೈಲು ಬಿಡುವಂತಿಲ್ಲ.

"ನಾನು ಬಿಡ್ತೇನೆ ಅಂತ ತೀರ್ಮಾನ ಮಾಡಿದೆ," ಎಂದರು. "ಶಾಲಿನೊಳಗೆ ಇದನ್ನು ಇಟ್ಟುಕೊಂಡು ಹೋದೆ. ಸೇತುವೆ ಹತ್ತುವಾಗ ತೆಗೆದುಕೊಂಡೆ. ಬಂಟ್ವಾಳ ದಾಟಿಸಿದೆ, ಹಳಿ ತಪ್ಪಲಿಲ್ಲ. ಸುರಂಗಕ್ಕೆ ಹೊಗಿಸಿದೆ. ಅಲ್ಲಿ ಈ ಕೈ ಕೈಕೊಟ್ಟಿತು. ರೈಲು ನಿಂತಿತು. ನಾನು ನಿಲ್ಲಿಸಿದ್ದರಿಂದ ಯಾವನೋ ಉಂಗುರ ಕದ್ದ. ಈ ಮಗುವಿನ ತಲೆಗೆ ಬಂತು. ನಾಳೆ ನಾನೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳುವವನಿದ್ದೆ."

"ನಾಳೆ ಅಲ್ಲ ಸರ್," ಎಂದಳು ಆಫ್ರಾ. "ನೀವು ಎಂದಿಗೂ ಹೇಳುವುದು ಬೇಡ."

ಅವಳು ಮುಂದೆ ಬಂದು ಮೇಜಿನ ಎದುರು ನಿಂತಳು. ಇಷ್ಟು ದಿನ ಮುಚ್ಚಿದ್ದ ಬಾಯಿ ತೆರೆಯಿತು. ಹಳೆಯ ತ್ರಾಟಲ್ ತನ್ನಿ ಎಂದು ಮೇಷ್ಟ್ರಿಗೆ ಹೇಳಿದವಳು ತಾನೇ. ಸೇತುವೆಯಿಂದ ಸುರಂಗದವರೆಗೆ ರೈಲು ನಿಮ್ಮದು, ಆಮೇಲೆ ನಾನು ಮರಳಿ ತೆಗೆದುಕೊಳ್ಳುತ್ತೇನೆ ಎಂದು ಮಾತಾಗಿತ್ತು. ಇದು ಹೊರಬಿದ್ದರೆ ಊರಿನ ಬಾಯಲ್ಲಿ ಮೇಷ್ಟ್ರ ನಡುಗುವ ಕೈ ಒಂದೇ ಉಳಿಯುತ್ತದೆ ಎಂದು ಅವಳು ಪೊಲೀಸರೆದುರೂ ಬಾಯಿ ಬಿಟ್ಟಿರಲಿಲ್ಲ.

"ಇನ್ನೊಂದು ಉಂಟು ಸರ್. ನಿಮ್ಮ ಕೈ ರೈಲು ನಿಲ್ಲಿಸಲಿಲ್ಲ. ಸುರಂಗದ ಬಾಯಿಯಲ್ಲೇ ನಾನು ಮರಳಿ ತೆಗೆದುಕೊಂಡಿದ್ದೆ. ನಿಲ್ಲಿಸಿದ್ದು ನಾನು. ಅಲ್ಲಿಯವರೆಗೆ ನೀವು ಬಿಟ್ಟದ್ದು ಎಷ್ಟು ಚಂದ ಇತ್ತು ಅಂದರೆ, ಸೇತುವೆಯ ಮೇಲೆ ಒಂದು ಬೋಗಿಯೂ ಅಲುಗಲಿಲ್ಲ."

ಭಟ್ಟರ ಕಣ್ಣು ತುಂಬಿತು, ಒರೆಸಿಕೊಳ್ಳಲಿಲ್ಲ. ಕುಗ್ಗಿದ್ದ ಬೆನ್ನು ನೆಟ್ಟಗಾಯಿತು. ನಡುಗುವ ಕೈಯನ್ನು ಅವರು ಮತ್ತೆ ಶಾಲಿನೊಳಗೆ ಅಡಗಿಸಲಿಲ್ಲ.

ಮೂಕಾಂಬಿಕಾಳಿಗೂ ಎದೆ ತುಂಬಿ ಬಂತು. ತನ್ನ ವೃತ್ತಿಯಲ್ಲಿ ಸುಳ್ಳು ಹೇಳಿ ತಪ್ಪಿಸಿಕೊಂಡವರು ಎಷ್ಟೋ ಮಂದಿ. ಇನ್ನೊಬ್ಬರ ಮರ್ಯಾದೆಗಾಗಿ ಸುಮ್ಮನಿದ್ದು ಕಳ್ಳಿ ಎನ್ನಿಸಿಕೊಂಡವಳು ಇವಳೊಬ್ಬಳೇ. ಆದರೆ ಮೂಕಾಂಬಿಕಾಳ ತಲೆಯೊಳಗೆ ಝೈನಬರ ವಿಡಿಯೋ ಓಡುವುದು ನಿಂತಿರಲಿಲ್ಲ. ಸೇತುವೆಯ ಮೇಲೆ ಆರಿಹೋದ ಆ ನಗು. ರೈಲು ತನ್ನ ಕೈ ತಪ್ಪಿದ್ದಕ್ಕೆ ಹುಡುಗಿ ಬೆಚ್ಚಿದಳು ಎಂದು ಅವಳು ಇಷ್ಟು ಹೊತ್ತು ತಿಳಿದಿದ್ದಳು.

"ಆಫ್ರಾ, ಮೇಷ್ಟ್ರು ತೆಗೆದುಕೊಳ್ತಾರೆ ಅಂತ ನಿನಗೆ ಮೊದಲೇ ಗೊತ್ತಿತ್ತು. ಹಾಗಾದರೆ ಸೇತುವೆಯ ಮೇಲೆ ನೀನು ಬೆಚ್ಚಿದ್ದು ಯಾಕೆ?"

ಆಫ್ರಾ ಮೇಜಿನ ಮೇಲಿದ್ದ ಹಳೆಯ ತ್ರಾಟಲ್ ಎತ್ತಿ ಹಿಂದೆ ಮುಂದೆ ತಿರುಗಿಸಿದಳು.

"ಸುರಂಗದಲ್ಲಿ ರೈಲು ನಿಲ್ಲಿಸಿದ್ದು ಯಾಕೆ?"

"ಯೋಚನೆ ಮಾಡ್ಲಿಕ್ಕೆ," ಎಂದಳು ಕೊನೆಗೆ. ದನಿ ಮೊದಲ ಬಾರಿ ಒಡೆಯಿತು. "ಯಾರಿಗೂ ಕಾಣದ ಜಾಗ ಅದೊಂದೇ. ಎಂತ ಮಾಡುವುದು ಅಂತ ಗೊತ್ತಾಗಲಿಲ್ಲ. ಜನ ಕಾಯ್ತಾ ಇದ್ದರು, ಬಿಟ್ಟುಬಿಟ್ಟೆ."

"ಎಂತ ನೋಡಿದೆ?"

ಸೇತುವೆಯ ಮೇಲೆ ನೇರವಾಗಿ ದೀಪ ಬೀಳುತ್ತದೆ, ಅವಳು ನಿಂತಿದ್ದ ಜಾಗಕ್ಕೂ ಹಳಿಗೂ ಒಂದು ಗೇಣು. ಕೆಂಪುಹರಳು ಆ ಬೆಳಕಿಗೆ ಹೊಳೆಯಬೇಕಿತ್ತು. ಗಾಜಿನ ಪೆಟ್ಟಿಗೆಯೊಳಗೆ ಏನೂ ಇರಲಿಲ್ಲ. ಪಾಣೆಮಂಗಳೂರು ಬಿಡುವಾಗಲೇ ಪೆಟ್ಟಿಗೆ ಖಾಲಿ. ಸುರಂಗಕ್ಕೆ ಉಂಗುರ ಹೋಗಲೇ ಇಲ್ಲ.

ಭಟ್ಟರು ಕುರ್ಚಿಯ ತೋಳು ಹಿಡಿದರು. ಆ ಪೆಟ್ಟಿಗೆಯ ಮುಚ್ಚಳ ಹಾಕಿದವರು ಯಾರೆಂದು ಮೂವರಿಗೂ ಗೊತ್ತಿತ್ತು. ಯಾರೂ ಹೆಸರು ಹೇಳಲಿಲ್ಲ. ರಾಮಪ್ರಸಾದರು ಕೊಟ್ಟದ್ದು ಉಂಗುರವೇ ಇರಬಹುದು, ಕೊಟ್ಟ ಹಾಗೆ ಮಾಡಿದ್ದೂ ಇರಬಹುದು ಎಂದು ಮೂಕಾಂಬಿಕಾ ತನಗೆ ತಾನೇ ಹೇಳಿಕೊಂಡಳು. ಎರಡು ಕೈಗಳ ನಡುವೆ ಅದು ಎಲ್ಲಿ ಹೋಯಿತು?

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಸಮದ್. ಅವಳು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

ಆಚೆಯಿಂದ ಉಕ್ಕುವ ಸಂತೋಷದ ದನಿ. ಉಂಗುರ ಸಿಕ್ಕಿತು ಎಂದರು. ಕೂಸಪ್ಪ ಗರಗಸ ಎತ್ತುವ ಮೊದಲು ಕೊನೆಗೊಮ್ಮೆ ನೋಡುವ ಅಂತ ಸುರಂಗಕ್ಕೆ ಕೈ ಹಾಕಿದ್ದಾಯಿತು, ಹಳಿಯ ಪಕ್ಕದಲ್ಲೇ ಬಿದ್ದಿತ್ತು, ಕೆಂಪುಹರಳು ಹಾಗೇ ಉಂಟು. ರಾಮಪ್ರಸಾದರು ಅದು ತಮ್ಮ ಅಜ್ಜಿಯದೇ ಎಂದು ಒಪ್ಪಿದ್ದಾರೆ. ಗುಡ್ಡ ಕೊಯ್ಯುವುದು ಬೇಡವಾಯಿತು, ಮಗಳ ಮೇಲಿನ ಮಾತೂ ಹೋಯಿತು, ಇನ್ನು ಅವಳು ತಲೆ ಎತ್ತಿ ನಡೆಯಬಹುದು.

ಆಫ್ರಾಳ ಮುಖದಲ್ಲಿ ರಕ್ತವಿರಲಿಲ್ಲ.

ಬೆಳಿಗ್ಗೆ ಮೂಕಾಂಬಿಕಾ ತಡವಿದಾಗ ಆ ಹಳಿಯ ಪಕ್ಕ ಖಾಲಿ ಇತ್ತು, ಆ ಖಾಲಿತನ ಅವಳ ಬೆರಳ ತುದಿಯಲ್ಲಿ ಇನ್ನೂ ಇತ್ತು. ಅವಳು ಫೋನಿನ ಹತ್ತಿರ ಬಾಗಿದಳು.

"ಸಮದಾಕ, ಸುರಂಗಕ್ಕೆ ಕೈ ಹಾಕಿ ತೆಗೆದವರು ಯಾರು?"

"ನಾನೇ," ಎಂದರು ಸಮದ್. "ಯಾಕೆ?"